ಸಂದರ್ಶಕರ ಪುಸ್ತಕದ ಹಿಂದಿನ ಹಾಳೆಗಳು

ಜೂನ್ 2, ಸೋಮವಾರ. ಬೆಳಿಗ್ಗೆ 11

ಆರರಿಂದ ಇಲ್ಲಿಯವರೆಗೆ ನಲವತ್ತಮೂರು ಜನ. ಹಾಲು, ಪೇಪರು, ಪಾರ್ಸೆಲ್ಲು, ಪ್ಲಂಬರ್, ಮತ್ತೆ ಪಾರ್ಸೆಲ್ಲು. ಎಲ್ಲರ ಮುಖದ ಫೋಟೊವೂ ಗೇಟಿನ ಟ್ಯಾಬಿನೊಳಗೆ. ಸೆಕ್ಯುರಿಟಿ ಗೂಡಿನಿಂದ ಗೇಟಿಗೆ ಹದಿನಾಲ್ಕು ಹೆಜ್ಜೆ. ಕೂತರೆ ಕಾಲು ತಾನೇ ಅಲುಗಾಡುತ್ತದೆ, ಅದಕ್ಕೇ ನಡೆಯುತ್ತೇನೆ.

ಈ ಪುಸ್ತಕ ಗೇಟಿನದೇ. ಟ್ಯಾಬ್ ಬಂದ ಮೇಲೆ ರದ್ದಿಗೆ ಹಾಕು ಅಂದರು ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಕೇಳಿಯೇ ಇಟ್ಟುಕೊಂಡೆ, ಕದ್ದದ್ದಲ್ಲ. ಮುಂದಿನಿಂದ ಹಳೆಯ ಸಂದರ್ಶಕರು, ಹಿಂದಿನಿಂದ ನಾನು. ಹೆಸರು, ಮನೆ, ಬಂದ ಹೊತ್ತು, ಹೋದ ಹೊತ್ತು — ಆ ಗೆರೆಗಳ ಮೇಲೆಯೇ ಬರೆಯುತ್ತೇನೆ.

ಸುಬೇದಾರ್ ಮಾವ ಇವತ್ತೂ ತಡ. ಹಿಂದಿನ ಗೇಟು, ಅಂದರೆ ಕಸದ ಗಾಡಿಯ ಗೇಟು ಅವರದು. ಸೇನೆ ಸೇರಿದವರಲ್ಲ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದರು, ಆ ಕೋಟಿನಿಂದ ಅಂಟಿದ ಹೆಸರು. “ಆರಕ್ಕೇ ಬಂದೆ ಅಂತ ಬರ್ಕೋ” ಅಂದರು. ಆರು ಗಂಟೆ ಎಂಟು ನಿಮಿಷಕ್ಕೆ ಬಂದರು, ಹಾಗೇ ಬರೆದೆ. “ನಿನ್ನ ಕಟ್ಕೊಳ್ಳೋನು ಪುಣ್ಯಾತ್ಮ ಕಣಮ್ಮ” ಅಂದು ಹೋದರು.

ಮನೆಯಲ್ಲೂ ಇದೇ. ಅಣ್ಣ ನನ್ನನ್ನು ಸತ್ಯವಂತೆ ಅಂತಲೇ ಕರೆಯುವುದು. ಹತ್ತನೇ ಪರೀಕ್ಷೆಯಲ್ಲಿ ಮೇಷ್ಟ್ರು ಗಣಿತದ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದಿದ್ದರು. ಇನ್ಸ್‌ಪೆಕ್ಟರ್ ಬಂದಾಗ ಎದ್ದು ಹೇಳಿಬಿಟ್ಟೆ. ಮೂವತ್ತೆಂಟು ಜನ ಫೇಲು, ನಾನೂ ಸೇರಿ. ಆಮೇಲೆ ಶಾಲೆಯ ಬೀದಿಗೇ ಕಾಲಿಡಲಿಲ್ಲ. ಇವತ್ತಿಗೂ ತಪ್ಪು ಮಾಡಿದೆ ಅನ್ನಿಸಿಲ್ಲ.

ಜೂನ್ 4, ಬುಧವಾರ. ಮಧ್ಯಾಹ್ನ 12.30

ಟ್ಯಾಬಿಗೆ ಹೊಸ ಅಪ್‌ಡೇಟ್. ಇನ್ನು ಮೇಲೆ ಬಂದವರಷ್ಟೇ ಅಲ್ಲ, ಇರುವವರ ಮುಖವೂ ಬೇಕು. ಮುಖ ನೋಡಿದರೆ ಗೇಟು ತಾನೇ ತೆಗೆಯುತ್ತದೆ. ಪರದೆಯನ್ನು ಹೊರಗಡೆಗೆ ತಿರುಗಿಸಿ ಕೂರಿಸಿ ಹೋದರು. ಬಂದವರೇ ಒತ್ತಿಕೊಳ್ಳಲಿ, ನಿನಗೆ ಕೆಲಸ ಕಡಿಮೆ ಅಂತ.

‘ಒಪ್ಪುತ್ತೇನೆ’ ಅನ್ನುವುದು ಹಸಿರು, ಅಂಗೈಯಗಲ. ‘ಬೇಡ’ ಹುಡುಕಿದೆ. ಇಲ್ಲ. ‘ಆಮೇಲೆ’ ಅಂತ ಒಂದಿದೆ, ಬೂದು ಬಣ್ಣ, ಇರುವೆಯಷ್ಟು. ಅದನ್ನು ಒತ್ತಿದರೆ ಮರುದಿನ ಮತ್ತೆ ಕೇಳುತ್ತದೆ. ಮೇಲಿನ ಮೂಲೆಯಲ್ಲಿ ಕೆಂಪು ಅಂಕಿ — ಬಾಕಿ ಎಷ್ಟು ಜನ ಅಂತ. ಬೆಳಿಗ್ಗೆ 112. ಈಗ 9.

“ಸೊನ್ನೆ ಮಾಡು, ಮಿಕ್ಕಿದ್ದು ಆಮೇಲೆ ಮಾತಾಡೋಣ” ಅಂದರು ಸೆಕ್ರೆಟರಿ.

ಬಿ 304ರ ನರ್ಸ್ ಅಕ್ಕ ಮಾತ್ರ ತಲೆ ಬಗ್ಗಿಸಿಕೊಂಡು ದಾಟಿದರು. ಬಗಲಲ್ಲಿ ಮಗಳು ಪುಟ್ಟಿ, ನಿದ್ದೆಗಣ್ಣು.

“ಅಕ್ಕ, ಒಂದ್ನಿಮಿಷ ನಿಂತ್ರೆ ಆಯ್ತು.”

“ನಂದು ಬೇಡಮ್ಮ. ಮನೆ ಚಿಕ್ಕಮ್ಮನ ಹೆಸರಲ್ಲೇ ಇರ್ಲಿ.”

“ಅವರಿಲ್ಲಿ ಇಲ್ವಲ್ಲ. ಇರೋರು ನೀವು.”

“ಇರ್ಲಿ ಬಿಡು ತಾಯಿ” ಅಂದರು. ದನಿ ಸಣ್ಣದಾಗಿತ್ತು. ಕೋಪ ಅಂದುಕೊಂಡೆ.

ಜೂನ್ 5, ಗುರುವಾರ. 1.40

ಕೆಂಪು ಅಂಕಿ 1. ಉಳಿದಿದ್ದು ಬಿ 304 ಮಾತ್ರ. ಬೆಳಗಿನಿಂದ ಕಣ್ಣಿಗೆ ಚುಚ್ಚುತ್ತಿತ್ತು. ಸೆಕ್ರೆಟರಿ ಎರಡು ಸಲ ಬಂದು ನೋಡಿ ನಾಲಗೆ ಚಪ್ಪರಿಸಿದರು.

ಹನ್ನೆರಡಕ್ಕೆ ಗೇಟಿನ ಬಳಿ ಬ್ಯಾಡ್ಜ್ ಬಿದ್ದಿತ್ತು. ಕ್ಲಿನಿಕ್ಕಿನದು. ನರ್ಸ್ ಅಕ್ಕನ ಫೋಟೊ, ಪೂರ್ತಿ ಹೆಸರು. ಟ್ಯಾಬಿನ ಮುಂದೆ ಹಿಡಿದೆ. ಟಿಂಗ್ ಅಂತು. ಹಸಿರು ಟಿಕ್. ಸೊನ್ನೆ. ಪರದೆಯ ತುಂಬ ಬಣ್ಣದ ಚೂರು ಉದುರಿದವು, ಹಬ್ಬದ ಹಾಗೆ.

ಸುಳ್ಳು ಹೆಸರಿತ್ತು, ಸರಿ ಮಾಡಿದೆ. ಅಷ್ಟೇ. ಬ್ಯಾಡ್ಜನ್ನು ಕವರಿನಲ್ಲಿ ಹಾಕಿ ಮನೆ ಬಾಗಿಲ ಕೆಳಗೆ ತಳ್ಳಿ ಬಂದೆ. ಹೇಳಲಿಲ್ಲ. ಹೇಳುವಂಥದ್ದು ಏನಿದೆ.

ಜೂನ್ 13, ಶುಕ್ರವಾರ. ಮಧ್ಯಾಹ್ನ 1.10

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೆರಡೂವರೆಗೆ ಒಬ್ಬ ಬಂದ. ನೀಲಿ ಶರಟು, ಇಸ್ತ್ರಿ ಗೆರೆ ಎದ್ದು ಕಾಣುವಂಥದ್ದು. ಪಾರ್ಸೆಲ್ಲಿನವರ ಚೀಲ ಇಲ್ಲ, ಟೋಪಿ ಇಲ್ಲ. ಕೈಯಲ್ಲೊಂದು ರಟ್ಟಿನ ಡಬ್ಬ. ನಕ್ಕು ಒಂದು ಹೆಸರು ಹೇಳಿದ. “ಇವರಿಗೆ ಕೊಡಬೇಕಿತ್ತು ತಂಗಿ.”

ಬ್ಯಾಡ್ಜಿನ ಮೇಲಿದ್ದ ಹೆಸರು.

ಈ ಕಟ್ಟಡದಲ್ಲಿ ಅವರನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಯಾರಿಗೂ ಗೊತ್ತೇ ಇಲ್ಲ. ನನಗೆ ಗೊತ್ತು, ಟ್ಯಾಬಿಗೆ ಗೊತ್ತು.

“ಯಾವ ಮನೆ?” ಅಂದೆ. ಮನೆ ನಂಬರ್ ಗೊತ್ತಿಲ್ಲದ ಪಾರ್ಸೆಲ್ ಎಲ್ಲಿಯದು.

“ನೋಡೋಣ ತಡಿ” ಅಂದ. ಪರದೆ ಅವನ ಕಡೆಗೇ ಇತ್ತಲ್ಲ. ಎರಡು ಅಕ್ಷರ ಒತ್ತಿದ. ಉಳಿದದ್ದನ್ನು ಟ್ಯಾಬ್ ತಾನೇ ಬರೆಯಿತು. ಹೆಸರು. ಫೋಟೊ. ಬಿ 304. ಕೆಳಗೆ ಸಣ್ಣ ಅಕ್ಷರ, ಪಾರ್ಸೆಲ್ಲಿನವರಿಗೆ ಅನುಕೂಲವಾಗಲಿ ಅಂತ ಇಟ್ಟದ್ದು: ಈಗ ಹೊರಗಿದ್ದಾರೆ. ಸಾಮಾನ್ಯವಾಗಿ 6.45ಕ್ಕೆ ಹೊರಡುತ್ತಾರೆ, 3.15ಕ್ಕೆ ಮರಳುತ್ತಾರೆ.

ಅವನು ಅದನ್ನು ನಿಧಾನವಾಗಿ ಓದಿದ. ಫೋನಿನಲ್ಲಿ ಪರದೆಯ ಫೋಟೊ ಹೊಡೆದ. ಡಬ್ಬ ನನ್ನ ಕೈಗಿಟ್ಟ. ಗಾಳಿಯಷ್ಟು ಹಗುರ. “ಬಹಳ ಉಪಕಾರ ಆಯ್ತು ತಂಗಿ.”

ಈಗ ರಸ್ತೆಯಾಚೆ ಜೆರಾಕ್ಸ್ ಅಂಗಡಿಯ ನೆರಳಲ್ಲಿ ನಿಂತಿದ್ದಾನೆ. ಏನೂ ಜೆರಾಕ್ಸ್ ಮಾಡಿಸುತ್ತಿಲ್ಲ.

ಅದೇ ದಿನ. ಸಂಜೆ 6, ಮನೆಯಲ್ಲಿ

ಡ್ಯೂಟಿ ಎರಡಕ್ಕೆ ಮುಗಿದರೂ ಹೋಗಲಿಲ್ಲ. ಎರಡೂಮುಕ್ಕಾಲಿಗೆ ಅವನು ಹೋದ. 3.15ಕ್ಕೆ ನರ್ಸ್ ಅಕ್ಕ ಬಂದರು. ಸರಿಯಾಗಿ 3.15ಕ್ಕೆ.

ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ಬಾಗಿಲು ಹಾಕಿಕೊಂಡು ಡಬ್ಬ ಬಿಚ್ಚಿದರು. ಖಾಲಿ. ಒಂದು ಚೂರು ಕಾಗದವೂ ಇಲ್ಲ.

“ನನಗೆ ತಲುಪುತ್ತಾ ಅಂತ ನೋಡಿದ್ದಾರೆ” ಅಂದರು.

ಆಗ ಹೇಳಿದೆ. ಬ್ಯಾಡ್ಜ್, ಕೆಂಪು ಅಂಕಿ, ಟಿಂಗ್. ಎಲ್ಲ. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಪುಟ್ಟಿಯ ಕಿವಿಯ ಮೇಲೆ ಎರಡೂ ಕೈ ಇಟ್ಟು, “ಎಷ್ಟು ದಿನ ಆಯ್ತು?” ಅಂದರು.

“ಎಂಟು.”

“ನಾಲ್ಕು ತಿಂಗಳು ಬಚ್ಚಿಟ್ಕೊಂಡಿದ್ದೆ ಕಣೇ.”

ಮೊದಲು ದೊಡ್ಡ ನರ್ಸಿಂಗ್ ಹೋಮಿನಲ್ಲಿದ್ದರಂತೆ. ಹೆರಿಗೆಗೆ ಬಂದ ಹುಡುಗಿಗೆ ತಪ್ಪು ಔಷಧಿ ಕೊಟ್ಟು ಅವಳು ಸತ್ತಳು. ಯಜಮಾನ ಡಾಕ್ಟರು ಕೇಸ್ ಶೀಟನ್ನೇ, ಅಂದರೆ ಚಿಕಿತ್ಸೆಯ ದಾಖಲೆಯನ್ನೇ ತಿದ್ದಿಸಿದರು. ತಿದ್ದುವಾಗ ಇವರು ಅದೇ ಕೋಣೆಯಲ್ಲಿದ್ದರು. ಬೇರೆ ಇಬ್ಬರು ನರ್ಸುಗಳು ಏನೂ ನೋಡಿಲ್ಲ ಅಂತ ಬರೆದುಕೊಟ್ಟು ಬಿಟ್ಟಿದ್ದಾರೆ. 23ನೇ ತಾರೀಖು ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಇವರ ಸಾಕ್ಷಿ.

“ನನ್ನ ಹೆಸರು ಎಲ್ಲೂ ಬರಬಾರದು ಅಂತ ಜಡ್ಜ್ ಆರ್ಡರ್ ಮಾಡಿದಾರೆ. ಅವರ ಕಾಗದದಲ್ಲಿ ನಾನು ‘ಏಳನೇ ಸಾಕ್ಷಿ’ ಅಷ್ಟೇ. ನಿಮ್ಮ ಗೇಟಲ್ಲಿ ನೋಡಿದ್ರೆ ಫೋಟೊ ಸಮೇತ ಇದೀನಿ.” ನಗುವುದಕ್ಕೆ ನೋಡಿದರು. ಆಗಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾರೆ. ದಿನಕ್ಕೆ ಮುನ್ನೂರು ಕಾಲರ್ ಹೊಲಿದು ಕತ್ತು ಎತ್ತಲಾಗದೆ ಕೂತಿದ್ದವರು ಎತ್ತಿ ನೋಡಿದರು. “ನಿಜ ಹೇಳೋದು ಬೇರೆ ಕಣೇ, ಇನ್ನೊಬ್ಬರ ಗುಟ್ಟು ಬಿಚ್ಚೋದು ಬೇರೆ. ಆವತ್ತೂ ನಿನಗೆ ತಿಳೀಲಿಲ್ಲ, ಇವತ್ತೂ ತಿಳೀಲಿಲ್ಲ.”

ಈ ಪುಸ್ತಕ ತೆಗೆದು ಕೂತೆ.

ಜೂನ್ 16, ಸೋಮವಾರ. 1.30

ಹೆಸರು ತೆಗೆಯಲು ಹೋದೆ. ಆಗುವುದಿಲ್ಲ. ಹಸಿರು ಟಿಕ್ ಬಿದ್ದ ಮೇಲೆ ಬೀಗ. ಬಿ 304ಕ್ಕೆ ಹೋಗಿ ಅಲ್ಲಿಂದಲೇ ಆ್ಯಪಿನ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಜೇನಿನಂಥ ದನಿಯ ಹುಡುಗಿ.

“ನೋಂದಾಯಿತ ನಂಬರಿಗೆ ಓಟಿಪಿ ಬರತ್ತೆ ಮೇಡಂ, ಅದನ್ನ ಹೇಳಿದ್ರೆ ರಿಕ್ವೆಸ್ಟ್ ಹಾಕ್ತೀನಿ.”

ಯಾವ ನಂಬರ್? ನಾನು ನಂಬರ್ ಹಾಕಿಯೇ ಇರಲಿಲ್ಲ. ಟ್ಯಾಬ್ ತಾನೇ ಎಲ್ಲಿಂದಲೋ ಹುಡುಕಿ ಹಾಕಿಕೊಂಡಿದೆ. ಕೊನೆಯ ಮೂರು ಅಂಕಿ ಕೇಳಿದೊಡನೆ ನರ್ಸ್ ಅಕ್ಕ ಗುರುತು ಹಿಡಿದರು. ಊರು ಬಿಡುವಾಗ ಮುರಿದು ಚರಂಡಿಗೆ ಎಸೆದ ಸಿಮ್ಮಿನದು.

“ಓಟಿಪಿ ಇಲ್ಲ ಅಂದ್ರೆ?”

“ಅರ್ಜಿ ಬರೆದು ಕಳಿಸಿ ಮೇಡಂ. ಕಾನೂನು ಪ್ರಕಾರ ಮೂವತ್ತು ದಿನದಲ್ಲಿ ಉತ್ತರ ಕೊಡ್ತೀವಿ.”

“ಬೇರೆ ಕಡೆ ಇರೋರಿಗೆ ನಮ್ಮ ಗೇಟಿನ ಹೆಸರು ಹೇಗೆ ಸಿಕ್ತು?”

“ನಮ್ಮ ಆ್ಯಪ್ ಇರೋ ಎಲ್ಲ ಕಟ್ಟಡದೋರೂ ಹುಡುಕಬಹುದು ಮೇಡಂ. ಪರಿಚಯದೋರು ಸಿಗಲಿ ಅಂತ. ಹೊಸ ಸೌಲಭ್ಯ.”

ಸೇರಿಸುವುದಕ್ಕೆ ಒಂದು ಟಿಂಗ್. ತೆಗೆಯುವುದಕ್ಕೆ ಮೂವತ್ತು ದಿನ. ನಮಗೆ ಇರುವುದು ಏಳು.

ಡ್ಯೂಟಿ ಮುಗಿಸಿ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು. ನರ್ಸ್ ಅಕ್ಕ ಬರುವುದಿಲ್ಲ, ಹೊರಗೆ ಕಾಲಿಡಲು ಹೆದರಿಕೆ. ಆರ್ಡರಿನ ಪ್ರತಿ ಕೊಟ್ಟಿದ್ದಾರೆ.

ಅದೇ ದಿನ. 5 ಗಂಟೆ

ದೂರು ಬರೆದುಕೊಳ್ಳುವ ಸ್ಟೇಷನ್ನಿನ ರೈಟರ್ ಆರ್ಡರನ್ನು ಎರಡು ಸಲ ಓದಿದರು. ಕೆಟ್ಟವರಲ್ಲ. ನೀರು ಕೊಟ್ಟರು.

“ಪತ್ರಿಕೆ ಅಂತಿದೆ. ಟಿವಿ ಅಂತಿದೆ. ಗೇಟು ಅಂತ ಎಲ್ಲಿದೆ ತೋರ್ಸಮ್ಮ.”

“ಬರೆದೋರಿಗೆ ಗೇಟಿನ ವಿಷಯ ಗೊತ್ತಿರಲಿಲ್ವೇನೋ ಸಾರ್.”

“ಇರಬಹುದು. ಆತ ಏನು ಬೆದರಿಕೆ ಹಾಕಿದ?”

“ಹಾಕಿಲ್ಲ. ಖಾಲಿ ಡಬ್ಬ ಕೊಟ್ಟ.”

“ಖಾಲಿ ಡಬ್ಬಕ್ಕೆ ಯಾವ ಸೆಕ್ಷನ್ ಹಾಕೋಣ ಹೇಳು.” ಪಕ್ಕದವರು ನಕ್ಕರು. ಅವನು ಹೊಡೆದ, ಬೈದ ಅಂತ ಒಂದು ಮಾತು ಸೇರಿಸಿದ್ದರೆ ಬರೆದುಕೊಳ್ಳುತ್ತಿದ್ದರು. ಗೊತ್ತಿತ್ತು. ನಾಲಗೆಯ ತುದಿಗೂ ಬಂತು. ಹೇಳಲಿಲ್ಲ.

ಸರ್ಕಾರಿ ವಕೀಲರು ಗೇಟನ್ನೂ ಸೇರಿಸಿ ಹೊಸ ಅರ್ಜಿ ಹಾಕುತ್ತಾರಂತೆ. ಅದು ವಿಚಾರಣೆಗೆ ಬರುವುದೂ 23ಕ್ಕೇ.

ಜೂನ್ 19, ಗುರುವಾರ. 12 ಗಂಟೆ

ಎರಡು ದಿನ ಬರೆಯಲಿಲ್ಲ, ಬರೆಯುವುದಕ್ಕೇನೂ ಇರಲಿಲ್ಲ. ನರ್ಸ್ ಅಕ್ಕ ರಜೆ ಹಾಕಿ ಒಳಗೇ ಇದ್ದಾರೆ. ಪುಟ್ಟಿ ಸ್ಕೂಲಿಗೆ ಹೋಗುತ್ತಿಲ್ಲ. ಟ್ಯಾಬ್ ದಿನವಿಡೀ ಎಲ್ಲರಿಗೂ ಹೇಳುತ್ತಿದೆ: ಮನೆಯಲ್ಲಿದ್ದಾರೆ.

ಹತ್ತಕ್ಕೆ ಸೆಕ್ರೆಟರಿ ಬಂದರು. ಖುಷಿಯಲ್ಲಿದ್ದರು. ಬಿ 302 ಏಳು ತಿಂಗಳಿಂದ ಖಾಲಿ ಬಿದ್ದಿತ್ತು, ಬಾಡಿಗೆಗೆ ಹೋಯಿತು. ಆ್ಯಪಿನಲ್ಲೇ ನೋಡಿ ಆ್ಯಪಿನಲ್ಲೇ ಕರಾರು. “ಒಳ್ಳೆ ಜನ. ಮುಖ ಹಿಡ್ಕೋ.”

ಅವರ ಹಿಂದೆ ಆ ನೀಲಿ ಶರಟಿನವನು. ಇವತ್ತು ಬಿಳಿಯದು ಹಾಕಿದ್ದ. ನಾನು ಮಾತ್ರ ಮನಸ್ಸಿನಲ್ಲಿ ನೀಲಿ ಶರಟು ಅಂತಲೇ ಕರೆಯುತ್ತೇನೆ.

“ನಮಸ್ಕಾರ ತಂಗಿ. ಇನ್ಮೇಲೆ ನಾವು ನಾವೇ.”

ಟ್ಯಾಬಿನ ಮುಂದೆ ನಿಂತ. ಟಿಂಗ್. ಸ್ವಾಗತ. ಬಣ್ಣದ ಚೂರು.

302ರ ಬಾಗಿಲು ತೆರೆದರೆ ಎದುರಿಗೆ 304. ಮಧ್ಯೆ ಮೂರು ಹೆಜ್ಜೆಯ ಜಾಗ.

ಸೆಕ್ರೆಟರಿಯನ್ನು ಗೂಡಿನ ಹಿಂದೆ ಕರೆದು ಎಲ್ಲ ಹೇಳಿದೆ. ಅವರ ಮುಖ ಬಿಳಚಿತು. ಆಮೇಲೆ ಗಟ್ಟಿಯಾಯಿತು.

“ಅವರ ಕಾಗದ ಎಲ್ಲ ಸರಿ ಇದೆ. ಇಲ್ಲಿಗ್ಯಾಕೆ ಬಂದ್ರಿ ಅಂತ ಕೇಳೋ ಹಾಗಿಲ್ಲಮ್ಮ. ಅದು ಅವರ ಪ್ರೈವೆಸಿ.”

ನಿವಾಸಿಗಳಿಗೆ ಗೇಟಿನ ಲೆಕ್ಕವೆಲ್ಲ ಫೋನಿನಲ್ಲೇ ಕಾಣುತ್ತದೆ. ಮುಂದಿನ ಗೇಟು, ಹಿಂದಿನ ಗೇಟು, ಯಾವಾಗ ತೆಗೆಯಿತು, ಯಾರ ಮುಖಕ್ಕೆ ತೆಗೆಯಿತು. ರಿಜಿಸ್ಟರ್ ಕೇಳಿದರೂ ತೋರಿಸಬೇಕು. ಅದು ಅವರ ಹಕ್ಕು. ಇವತ್ತಿನಿಂದ ಅವನ ಹಕ್ಕು.

ಜೂನ್ 22, ಭಾನುವಾರ. ಮಧ್ಯಾಹ್ನ 1.45

ಮೂರು ದಿನದಿಂದ ಅವನು 302ರ ಬಾಗಿಲು ತೆರೆದಿಟ್ಟು ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾನೆ. ಅಷ್ಟೇ. ಮುಟ್ಟಿಲ್ಲ, ಬೈದಿಲ್ಲ. ನಿನ್ನೆ ನರ್ಸ್ ಅಕ್ಕ ಹಾಲು ಎತ್ತಿಕೊಳ್ಳಲು ಬಾಗಿಲು ತೆಗೆದಾಗ, “ಮಗು ತುಂಬಾ ಮುದ್ದಾಗಿದೆ. ಸ್ಕೂಲಿಗೆ ಹೋಗ್ತಾ ಇಲ್ವಾ?” ಅಂದನಂತೆ.

ಸಾಕ್ಷಿ ಹೇಳುವುದಿಲ್ಲ ಅಂದುಬಿಡಿ ಅಕ್ಕ ಅಂತ ನಾನೇ ಹೇಳಿದೆ. ಬಾಯಿಂದ ಬಂದಾಗ ನನಗೇ ನಾಚಿಕೆಯಾಯಿತು.

“ಆ ಹುಡುಗಿ ನನ್ನ ಕೈ ಹಿಡ್ಕೊಂಡಿದ್ಲು. ಉಗುರಿನ ಗುರುತು ನಾಲ್ಕು ದಿನ ಇತ್ತು” ಅಂದರು.

ಸುಬೇದಾರ್ ಮಾವನಿಗೆ ಹೇಳಿದೆ. ಬೀಡಿ ಆರುವವರೆಗೂ ಯೋಚಿಸಿದರು.

“ಅವನ ಫೋನು ಏನು ಹೇಳುತ್ತೆ? 6.45ಕ್ಕೆ ಹೊರಡ್ತಾಳೆ ಅನ್ನುತ್ತೆ. ಮುಂದಿನ ಗೇಟಲ್ಲಿ ಅನ್ನುತ್ತೆ. ಅವನು ಆರೂಮುಕ್ಕಾಲಿಗೆ ಐದು ನಿಮಿಷ ಮುಂಚೆ ಬಂದು ಅಲ್ಲೇ ನಿಲ್ತಾನೆ. ಅದನ್ನ ನಂಬಿರೋನು ನಿದ್ದೆ ಯಾಕೆ ಕೆಡಿಸ್ಕೋತಾನೆ? ಕಸದ ಗಾಡಿ 6.10ಕ್ಕೆ ಬರುತ್ತೆ. ಡ್ರೈವರ್ ಪಕ್ಕ ಸೀಟಿದೆ.”

“ಹಿಂದಿನ ಗೇಟು ತೆಗೆದದ್ದು ಕಾಣುತ್ತಲ್ಲ ಮಾವ.”

“ನಾಳೆ ನಾನು ತಡವಾಗೇ ಬರ್ತೀನಿ, ನಿನ್ನ ಮುಖಕ್ಕೆ ತೆಗೀತು ಅಂತ ಕಾಣುತ್ತೆ. ಯಾಕೆ ತೆಗೆದೆ ಅಂದ್ರೆ ಕಸದ ಗಾಡಿಗೆ ಅನ್ನು. ಸುಳ್ಳೇನಲ್ವಲ್ಲ. ನಿನ್ನ ಗುಣ ಗೊತ್ತಿದ್ದೇ ಹೊಂದಿಸಿದೀನಿ ಕಣಮ್ಮ.”

ಮೊದಲ ಸಲ ನಕ್ಕೆ. ವಾರದಲ್ಲಿ ಮೊದಲ ಸಲ.

ಜೂನ್ 23, ಸೋಮವಾರ. ಬೆಳಿಗ್ಗೆ 6.55

ಹೋದರು.

ಆರಕ್ಕೆ ಹಿಂದಿನ ಮೆಟ್ಟಿಲು. ಚಪ್ಪಲಿ ಕೈಯಲ್ಲಿ. ಪುಟ್ಟಿಗೆ ಮಾತಾಡಬಾರದ ಆಟ ಅಂತ ಹೇಳಿದ್ದರು. ಬಾಯಿಗೆ ಬೆರಳಿಟ್ಟುಕೊಂಡೇ ಗಾಡಿ ಹತ್ತಿತು. ಕಸದ ವಾಸನೆಗೆ ಮೂಗು ಮುಚ್ಚಬೇಕೋ ಬಾಯಿ ಮುಚ್ಚಬೇಕೋ ತಿಳಿಯದೆ ನನ್ನನ್ನೇ ನೋಡಿತು. ನರ್ಸ್ ಅಕ್ಕ ನನ್ನ ಕೆನ್ನೆ ತಟ್ಟಿದರು. ಕೈ ಐಸಿನ ಹಾಗಿತ್ತು. ನನ್ನ ಮುಖ ತೋರಿಸಿದೆ. ಗೇಟು ತೆಗೆಯಿತು. 6.14.

6.40ಕ್ಕೆ ನೀಲಿ ಶರಟು ಇಳಿದು ಬಂದ. ಮಾವ ಹೇಳಿದ ಹಾಗೆಯೇ. ಮುಂದಿನ ಗೇಟಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾನೆ. ಫೋನು ನೋಡುತ್ತಾನೆ, ಮೆಟ್ಟಿಲು ನೋಡುತ್ತಾನೆ. ಟ್ಯಾಬ್ ಅವರ ಮುಖ ನೋಡಿಲ್ಲ. ಹಾಗಾಗಿ ಇನ್ನೂ ಅದೇ ಹೇಳುತ್ತಿದೆ: ಮನೆಯಲ್ಲಿದ್ದಾರೆ.

9.20

ಕೂತೇ ಇದ್ದಾನೆ. ಎರಡು ಸಲ ಮೇಲೆ ಹೋಗಿ ಬಂದ. ಒಂದು ಫೋನ್ ಮಾಡಿದ. “ಇಲ್ಲ, ಒಳಗೇ ಇದಾಳೆ. ನೀವು ಅಲ್ಲಿ ನಿಲ್ಲೋದೇನೂ ಬೇಡ” ಅಂದದ್ದು ಕೇಳಿಸಿತು.

ಅಲ್ಲಿ ಅಂದರೆ ಕೋರ್ಟಿನ ಬಾಗಿಲು. ಹನ್ನೊಂದರವರೆಗೆ ಇವನು ಹೀಗೆಯೇ ನಂಬಿ ಕೂತಿದ್ದರೆ ಸಾಕು. ಒಳಗೆ ಕರೆದ ಮೇಲೆ ಪೊಲೀಸರಿರುತ್ತಾರೆ ಅಂದಿದ್ದಾರೆ ವಕೀಲರು. ಅದಕ್ಕೂ ಮುಂಚೆ ವರಾಂಡದಲ್ಲಿ ಅವರಿಬ್ಬರೇ. ತಾಯಿ, ಮಗು.

ಗಡಿಯಾರ ನಿಂತಿದೆಯೇ ಅಂತ ಅಲ್ಲಾಡಿಸಿ ನೋಡಿದೆ.

10.44

ಬೇಗ ಬರೆಯುತ್ತೇನೆ. ಬರೆಯದಿದ್ದರೆ ಕೂಗಿಬಿಡುತ್ತೇನೆ.

ಹತ್ತೂವರೆಗೆ ಗೂಡಿಗೆ ಬಂದ. ಫೋನಿನಲ್ಲಿ ಗೇಟಿನ ಲೆಕ್ಕ ತೆರೆದಿತ್ತು.

“6.14ಕ್ಕೆ ಹಿಂದಿನ ಗೇಟು ಯಾರಿಗೆ ತೆಗೆದೆ ತಂಗಿ?”

“ಕಸದ ಗಾಡಿಗೆ.”

“ದಿನಾ ಮುದುಕಪ್ಪನ ಮುಖಕ್ಕೆ ತೆಗಿಯುತ್ತೆ. ಇವತ್ತು ನಿಂದು.”

“ಮಾವ ತಡವಾಗಿ ಬರ್ತಾರೆ.” ಅದೂ ನಿಜವೇ.

ನಕ್ಕ. ಗೂಡಿನ ಕಿಟಕಿಯ ಮೇಲೆ ಮೊಣಕೈ ಊರಿದ. “ನೀನು ಸುಳ್ಳು ಹೇಳೋಳಲ್ಲ ಅಂತ ಕಟ್ಟಡವೇ ಹೇಳುತ್ತೆ. ಗಾಡೀಲಿ ಯಾರ್ಯಾರಿದ್ರು?”

ಗಣಿತದ ಪರೀಕ್ಷೆಯ ಬೋರ್ಡು ಕಣ್ಣ ಮುಂದೆ ಬಂತು. ಯಾಕೆ ಅಂತ ಗೊತ್ತಿಲ್ಲ.

“ಡ್ರೈವರ್” ಅಂದೆ.

“ಅವನೊಬ್ಬನೇನಾ?”

“ಒಬ್ಬನೇ.”

ಸುಳ್ಳು. ಕಣ್ಣು ತಗ್ಗಿಸದೆ ಹೇಳಿದೆ. ಎಲ್ಲಾದರೂ ಒಂದು ಕಡೆ ನಿಜ ಇರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ: ಗಾಡಿಯಲ್ಲಿ ಮೂವರಿದ್ದರು.

ನಂಬಿದನೋ ಇಲ್ಲವೋ. ಬೆಂಚಿಗೆ ಹೋಗಿ ಕೂತ. ಆದರೆ ಈಗ ಮೆಟ್ಟಿಲು ನೋಡುತ್ತಿಲ್ಲ. ನಾನು ಬರೆಯುವುದನ್ನು ನೋಡುತ್ತಿದ್ದಾನೆ. ರಟ್ಟಿನ ಮೇಲೆ ದೊಡ್ಡದಾಗಿ ಇದೆಯಲ್ಲ, ಸಂದರ್ಶಕರ ಪುಸ್ತಕ ಅಂತ.

10.51

ಸೆಕ್ರೆಟರಿ ಫೋನ್ ಮಾಡಿದ್ದರು. “302ರವರು ರಿಜಿಸ್ಟರ್ ಕೇಳ್ತಿದಾರೆ. ತೋರಿಸು. ರೂಲ್ಸು.” ಅದು ರಿಜಿಸ್ಟರ್ ಅಲ್ಲ ಸಾರ್ ಅನ್ನುವಷ್ಟರಲ್ಲಿ ಇಟ್ಟುಬಿಟ್ಟರು.

ಹರಿಯಲೇ? ಗಾಜಿನ ಗೂಡು. ಹರಿದರೆ ಇಲ್ಲಿ ಏನೋ ಇದೆ ಅಂತ ನಾನೇ ಕೂಗಿ ಹೇಳಿದ ಹಾಗೆ. ನುಂಗಲೂ ಆಗುವುದಿಲ್ಲ, ಇಪ್ಪತ್ತು ಹಾಳೆ.

ಎದ್ದ. ಬರುತ್ತಿದ್ದಾನೆ. ಬೆಂಚಿನಿಂದ ಇಲ್ಲಿಗೆ ಇಪ್ಪತ್ತೆರಡು ಹೆಜ್ಜೆ, ಎಣಿಸಿದ್ದೇನೆ.

ಮುಂದಿನ ಹಾಳೆಗಳಲ್ಲಿ ಹತ್ತು ತಿಂಗಳ ಜನ ಇದ್ದಾರೆ. ಹಾಲಿನವರು, ಪೇಪರಿನವರು, ಪ್ಲಂಬರು. ಒಬ್ಬೊಬ್ಬರನ್ನೇ ಓದಲಿ. ಹನ್ನೊಂದಾಗುವವರೆಗೆ, ಒಂಬತ್ತು ನಿಮಿಷ ಓದಲಿ ಸಾಕು. ಮುಂದಿನ ರಟ್ಟು ಮೇಲೆ ಮಾಡಿ, ಅವನ ಕೈಗೆ ನಾನೇ ಕೊಡುತ್ತೇ—